ಮಡಿಯಲ್ಲಿ ಉಜ್ಜಿದ ಗಾಜು

ಅಹಮದಾಬಾದಿನ ಹಳೇ ಪೇಟೆಯ ಒಂದು ಪೋಳಿನಲ್ಲಿ ನಾವಿದ್ದೆವು. ಪೋಳ್ ಎಂದರೆ ಒಂದೇ ಹೆಬ್ಬಾಗಿಲಿನ ಇಕ್ಕಟ್ಟು ಓಣಿ. ಒಂದು ಮನೆಯ ಒಗ್ಗರಣೆಗೆ ಎದುರು ಮನೆಯವರು ಸೀನಬೇಕು, ಅಷ್ಟು ಹತ್ತಿರ. ಅಪ್ಪ ಕೆಲಸಕ್ಕಿದ್ದ ಸಂಶೋಧನಾ ಸಂಸ್ಥೆಯವರು ನವರಂಗಪುರದ ಕಡೆ ಕ್ವಾರ್ಟರ್ಸ್ ಕೊಡುತ್ತೇವೆ ಎಂದಿದ್ದರು. ಅಲ್ಲಿ ಗಾಳಿ ಇತ್ತು, ಬೆಳಕಿತ್ತು, ಅಡುಗೆಮನೆಯೊಳಗೇ ನಲ್ಲಿ ಇತ್ತು, ಪಕ್ಕದಲ್ಲಿ ಮಾತಾಡಲು ಕನ್ನಡದವರಿದ್ದರು. ಅಪ್ಪ ಬೇಡ ಎಂದು ಈ ಕತ್ತಲೆ ಮನೆಯನ್ನು ಬಾಡಿಗೆಗೆ ಹಿಡಿದರು. ಕಾರಣ ಒಂದು ಕೋಣೆ. ನಡುಮನೆಯ ಹಿಂದೆ, ಮಳೆನೀರು ತುಂಬಿಡುವ ನೆಲದಡಿಯ ಟಾಂಕಿಯ ಮೇಲೆ ಕಟ್ಟಿದ, ಕಿಟಕಿಯಿಲ್ಲದ ಕೋಣೆ ಅದು. ಬೇಸಿಗೆಯಲ್ಲಿ ಓಣಿಯ ನಾಯಿಗಳು ನೆರಳಿಗಾಗಿ ಕಚ್ಚಾಡುತ್ತಿದ್ದಾಗಲೂ ಆ ಕೋಣೆಯ ನೆಲ ತಣ್ಣಗೇ ಇರುತ್ತಿತ್ತು. ಬೆಳಿಗ್ಗೆ ಎಷ್ಟು ತಂಪೋ ಸಂಜೆಗೂ ಅಷ್ಟೇ ತಂಪು. ಮನೆ ನೋಡಲು ಹೋದ ದಿನ ಅಪ್ಪ ಆ ಗೋಡೆಗೆ ಅಂಗೈ ಒತ್ತಿಕೊಂಡು ಎಷ್ಟೋ ಹೊತ್ತು ನಿಂತರಂತೆ. ಒಲೆಯ ಹೊಗೆ ಹೋಗಲು ದಾರಿ ಎಲ್ಲಿ ಎಂದು ಅವ್ವ ಕೇಳಿದ್ದು ಅವರ ಕಿವಿಗೇ ಬೀಳಲಿಲ್ಲ. ಅವ್ವ ಸಾಯುವ ತನಕ ಅದನ್ನು ಆಡಿಕೊಂಡಳು:

“ಗ್ವಾಡಿ ಮುಟ್ಟಿ ನೋಡಿ ಮನಿ ಹಿಡದ್ರು. ಲಗ್ನದಾಗ ನನ್ನ ಮಾರಿನೂ ಅಷ್ಟ ಹೊತ್ತು ನೋಡಿರ್ಲಿಲ್ಲ.”

ಅಪ್ಪನ ಕೆಲಸ ಬೆಳಕಿನದು. ಆಕಾಶದಿಂದ ಬರುವ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ಯಂತ್ರಗಳ ನಕ್ಷೆ ಬರೆಯುವುದು, ಅವುಗಳನ್ನು ಮಾಡಿಸುವುದು. ಆ ಯಂತ್ರಗಳ ಹೊಟ್ಟೆಯೊಳಗೆ ಕನ್ನಡಿಗಳೂ ಚಪ್ಪಟೆ ಗಾಜುಗಳೂ ಇರುತ್ತವೆ. ಚಪ್ಪಟೆ ಎಂದರೆ ನೀವು ನಾನು ಹೇಳುವ ಚಪ್ಪಟೆ ಅಲ್ಲ. ಕೈಯಿಂದ ಸವರಿದರೆ ಗೊತ್ತಾಗದ, ಕಣ್ಣಿಗೆ ಕಾಣದ ಉಬ್ಬುತಗ್ಗು ಕೂಡ ಇರಬಾರದು. ಅಂಥ ಗಾಜನ್ನು ಹೊರದೇಶದಿಂದ ತರಿಸಲು ಆಗ ವರ್ಷಗಟ್ಟಲೆ ಕಾಯಬೇಕಿತ್ತು. ಸಂಸ್ಥೆಯ ಕಾರ್ಖಾನೆಯಲ್ಲಿ ಮಾಡೋಣವೆಂದರೆ ಅದಕ್ಕೆ ತಗಡಿನ ಚಾವಣಿ, ಪಕ್ಕದಲ್ಲೇ ಕಬ್ಬಿಣ ಕೊರೆಯುವ ಯಂತ್ರ. ಗಾಜು ಗಟ್ಟಿ ಎಂದು ಜನ ತಿಳಿದಿದ್ದಾರೆ. ಒಂದು ಬೆರಳಿನ ಬಿಸಿಗೆ ಅದು ಉಬ್ಬುತ್ತದೆ, ತಣ್ಣಗಾದರೆ ಇಳಿಯುತ್ತದೆ. ಅದರಷ್ಟು ಮೆತ್ತನೆಯ ವಸ್ತುವನ್ನು ನಾನು ಕಂಡಿಲ್ಲ. ಅದಕ್ಕೇ ಅಪ್ಪನಿಗೆ ಬಿಸಿ ಏರದ, ದೂಳು ಬಾರದ ಕೋಣೆ ಬೇಕಿತ್ತು. ಹೆಂಡತಿಯ ಕಣ್ಣಿಗೆ ಹೊಗೆ ತುಂಬಿದರೆ ತುಂಬಲಿ.

ಆದರೆ ಆ ಕೋಣೆಯ ಮೇಲೆ ಇನ್ನೊಬ್ಬರ ಕಣ್ಣೂ ಬಿತ್ತು. ಅಪ್ಪನ ಅವ್ವ, ನಮ್ಮಜ್ಜಿ, ಗಂಡ ಸತ್ತ ಮೇಲೆ ಧಾರವಾಡದಿಂದ ದೇವರ ಪೆಟ್ಟಿಗೆ ಹೊತ್ತುಕೊಂಡು ಬಂದಳು. ಮನೆಯ ಎಲ್ಲಕ್ಕಿಂತ ಒಳಗಿನ, ಎಲ್ಲಕ್ಕಿಂತ ತಂಪಾದ ಕೋಣೆಯಲ್ಲಿ ದೇವರು ಕೂಡದೆ ಗಾಜು ಕೂತರೆ ತಾನು ಊಟ ಮಾಡುವುದಿಲ್ಲ ಎಂದಳು. ಮಾಡಲೂ ಇಲ್ಲ. ಅಪ್ಪ ಎರಡು ಹೊತ್ತು ತಡೆದರು, ಆಮೇಲೆ ಶರಣಾದರು. ಅವರು ಜೀವನದಲ್ಲಿ ಯಾರಿಗೂ ಹೆದರಲಿಲ್ಲ ಎಂದು ಬೇರೆಯವರು ಬರೆದಿದ್ದಾರೆ. ಹಸಿದು ಕೂತ ತಾಯಿಗೆ ಹೆದರುತ್ತಿದ್ದರು. ಒಪ್ಪಂದವಾಯಿತು. ಪೂರ್ವದ ಕಡೆಗೆ ದೇವರು, ಪಶ್ಚಿಮಕ್ಕೆ ಅಪ್ಪ ಗಾಜು ಉಜ್ಜುವ ಎತ್ತರದ ಮಣೆ. ಒಳಗೆ ಕಾಲಿಡುವವರು ಯಾರೇ ಆದರೂ ಮಡಿಯಲ್ಲಿ ಇಡಬೇಕು.

ಮಡಿ ಎಂದರೆ ಏನೆಂದು ಈಗ ವಿವರಿಸಬೇಕಾಗಿದೆ. ವಡೋದರದಲ್ಲೇ ಹುಟ್ಟಿ ಬೆಳೆದ ನನ್ನ ಮೊಮ್ಮಗಳು ಮೊನ್ನೆ, “ಅಜ್ಜೀ, ಮಡಿ ಅಂದ್ರೆ ಬಟ್ಟೆ ಫೋಲ್ಡ್ ಮಾಡೋದಾ?” ಎಂದು ಕೇಳಿದಳು. ತಲೆಗೆ ನೀರು ಹಾಕಿಕೊಳ್ಳಬೇಕು, ಯಾರೂ ಮುಟ್ಟದ ಹಾಗೆ ಗಳಕ್ಕೆ ಒಣಹಾಕಿದ ಬಟ್ಟೆಯನ್ನೋ ಇಲ್ಲವೇ ಒದ್ದೆ ಬಟ್ಟೆಯನ್ನೋ ಉಡಬೇಕು, ಆಮೇಲೆ ಯಾರನ್ನೂ ಮುಟ್ಟಬಾರದು. ಕಾಲೇಜು ಸೇರಿದಾಗಿನಿಂದ ಸಂಧ್ಯಾವಂದನೆ ಬಿಟ್ಟಿದ್ದ ಅಪ್ಪನಿಗೆ ಇದು ಶಿಕ್ಷೆಯಾಗುತ್ತದೆ ಎಂದು ಅವ್ವ ಕಾದಳು. ಆಗಲಿಲ್ಲ, ಅವರು ಖುಷಿಪಟ್ಟರು. ಒದ್ದೆ ಪಂಚೆಯಿಂದ ದೂಳು ಏಳುವುದಿಲ್ಲ. ಹೊರಗಿನವರು ಒಳಗೆ ಬರುವುದಿಲ್ಲ. ಚಪ್ಪಲಿ ಇಲ್ಲ, ಕೂದಲು ಇಲ್ಲ, ಬಾಗಿಲು ಸದಾ ಮುಚ್ಚಿರುತ್ತದೆ, ನೆಲವನ್ನು ದಿನಾ ಒದ್ದೆ ಅರಿವೆಯಿಂದ ಒರೆಸುತ್ತಾರೆ. ಅಜ್ಜಿ ದೇವರ ಮುಂದೆ ಹಾಕುವ ರಂಗೋಲಿಯ ಬಗ್ಗೆ ಮಾತ್ರ ಅವರಿಗೆ ಅನುಮಾನವಿತ್ತು. ಊರಿಂದ ತಂದ ಆ ಪುಡಿಯನ್ನು ಚಿಟಿಕೆ ತೆಗೆದುಕೊಂಡು ಹಾಳು ಗಾಜಿನ ಚೂರಿನ ಮೇಲೆ ಉಜ್ಜಿ, ಭೂತಗನ್ನಡಿಯಲ್ಲಿ ನೋಡಿ, ಬೂದಿಯಂತೆ ಮೆತ್ತಗಿದೆ, ಗೀರು ಬೀಳುವುದಿಲ್ಲ ಎಂದು ಒಪ್ಪಿದರು. ಸಂಸ್ಥೆಯಿಂದ ಕನ್ನಡದವರು ಯಾರಾದರೂ ಬಂದರೆ ಹೊಸ್ತಿಲಾಚೆಗೆ ನಿಲ್ಲಿಸಿ ತೋರಿಸುತ್ತಿದ್ದರು:

“ಇಂಥಾ ಕ್ಲೀನ್ ರೂಮು ಇಡೀ ದೇಶದಾಗ ಇಲ್ರಿ. ನಮ್ಮವ್ವನ ಅದರ ಇನ್‌ಚಾರ್ಜ್.”

ಆ ಇಂಗ್ಲಿಷ್ ಮಾತುಗಳು ಅಜ್ಜಿಗೆ ಗೊತ್ತಿಲ್ಲದಿದ್ದರೂ ಹೊಗಳಿಕೆ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತಿತ್ತು. ಬಂದವರು ಹೋದ ಮೇಲೆ ಅವ್ವನಿಗೆ ಕೇಳುವ ಹಾಗೆ ಹೇಳುವಳು:

“ಘಂಟಿ ಬಾರ್ಸೋ ಅಂದ್ರ ಬಾರ್ಸಂಗಿಲ್ಲ, ಮಂತ್ರಾ ಅನ್ನೋ ಅಂದ್ರ ಅನ್ನಂಗಿಲ್ಲ. ಗಾಜರ ಉಜ್ಜಲಿ ದೇವರ ಮುಂದ. ಕೈಗೆ ಒಂದು ಕೆಲಸ ಆತು.”

ಗಾಜು ಉಜ್ಜಲು ಒಬ್ಬರ ಕೈ ಸಾಲದು. ಪುಡಿ ಕಲಸಿ ಕೊಡಬೇಕು, ನೀರು ಚಿಮುಕಿಸಬೇಕು, ದೀಪ ಹಿಡಿಯಬೇಕು. ಅವ್ವನಿಗೆ ತಿಂಗಳಲ್ಲಿ ಕೆಲವು ದಿನ ಆ ಕೋಣೆಯ ಕಡೆ ಮುಖ ಹಾಕಲೂ ಬಿಡುತ್ತಿರಲಿಲ್ಲ. ಉಳಿದ ದಿನ ಅಡುಗೆ. ಸಂಸ್ಥೆಯ ಸಹಾಯಕರ ಜಾತಿ ಯಾವುದೋ ಏನೋ ಎಂದು ಅಜ್ಜಿ ಹೊಸ್ತಿಲಲ್ಲೇ ತಡೆದಳು. ಉಳಿದವಳು ನಾನು, ಒಬ್ಬಳೇ ಮಗಳು. ಹೆಣ್ಣುಮಗು ದೊಡ್ಡವಳಾಗುವ ತನಕ ಗಂಡುಮಗುವಿನ ಹಾಗೇ, ನೀರು ಹಾಕಿದರೆ ಮಡಿ. ಹೀಗೆ ನಾನು ಅಪ್ಪನ ಕೆಲಸಕ್ಕೆ ಸೇರಿದೆ. ನನ್ನ ಬುದ್ಧಿ ನೋಡಿ ಯಾರೂ ಸೇರಿಸಿಕೊಳ್ಳಲಿಲ್ಲ. ನನಗಿನ್ನೂ ಮುಟ್ಟು ಬಂದಿರಲಿಲ್ಲ, ಅಷ್ಟೇ ಅರ್ಹತೆ. ಆ ಕೆಲಸಕ್ಕೆ ಕೊನೆಯ ದಿನವೂ ಅವತ್ತೇ ಗೊತ್ತಾಗಿತ್ತು. ದೊಡ್ಡವರಿಗೆ ಗೊತ್ತಿತ್ತು, ನನಗೆ ಯಾರೂ ಹೇಳಲಿಲ್ಲ.

ಬೆಳಿಗ್ಗೆ ಶಾಲೆಗೆ ಮೊದಲು, ಸಂಜೆ ಶಾಲೆಯಿಂದ ಬಂದು ಮತ್ತೆ ತಲೆಗೆ ನೀರು ಹಾಕಿಕೊಂಡ ಮೇಲೆ ನಾನು ಆ ಕೋಣೆಯಲ್ಲಿರುತ್ತಿದ್ದೆ. ಚಳಿಗಾಲದಲ್ಲಿ ಒದ್ದೆ ಲಂಗ ಕಾಲಿಗೆ ಅಂಟಿ ನಡುಗುತ್ತಿದ್ದೆ. ರಾಳ, ಜೇನುಮೇಣ ಸೇರಿಸಿ ಕಾಯಿಸಿದ ಅಂಟನ್ನು ಕಬ್ಬಿಣದ ತಟ್ಟೆಯ ಮೇಲೆ ಹೊಯ್ದು, ಬರ್ಫಿ ಕೊಯ್ದ ಹಾಗೆ ಚೌಕ ಚೌಕವಾಗಿ ಗೀರು ಹಾಕುತ್ತಿದ್ದೆವು. ಅಂಟು ಕುದಿಸುತ್ತಿದ್ದುದು ಅವ್ವನ ಬೋಗುಣಿಯಲ್ಲಿ. ಮನೆಯ ಸಾರಿಗೆಲ್ಲ ರಾಳದ ವಾಸನೆ. ಹದ ಬಂದಿದೆಯೋ ಇಲ್ಲವೋ ನೋಡಲು ಅಪ್ಪ ಒಂದು ಚೂರು ನನ್ನ ಬಾಯಿಗೆ ಹಾಕಿ ಕಚ್ಚು ಎನ್ನುತ್ತಿದ್ದರು. ಹಲ್ಲಿಗೆ ಅಂಟಿದರೆ ಮೆತ್ತಗೆ, ಟಕ್ಕೆಂದು ಮುರಿದರೆ ಗಟ್ಟಿ, ಎರಡರ ನಡುವೆ ಬೇಕು. ಆ ತಟ್ಟೆಯ ಮೇಲೆ ನೀರಲ್ಲಿ ಕಲಸಿದ ಕೆಂಪು ಪುಡಿ ಸವರಿ, ಗಾಜನ್ನು ಬೋರಲು ಹಾಕಿ, ಹಿಂದೆ ಮುಂದೆ ಉಜ್ಜುತ್ತ ಮಣೆಯ ಸುತ್ತ ನಡೆಯಬೇಕು. ಒಂದೇ ಕಡೆ ನಿಂತು ಉಜ್ಜಿದರೆ ಗಾಜು ಒಂದು ಮಗ್ಗುಲಿಗೆ ಸವೆಯುತ್ತದೆ. ಪೂರ್ವದ ಕಡೆ ಅಜ್ಜಿ ದೇವರಿಗೆ ಸುತ್ತು ಹಾಕುತ್ತಿದ್ದಳು, ಪಶ್ಚಿಮದ ಕಡೆ ಅಪ್ಪ ಗಾಜಿಗೆ. ಇಬ್ಬರೂ ಒದ್ದೆ ಬಟ್ಟೆಯಲ್ಲಿ, ಇಬ್ಬರೂ ಮಾತಿಲ್ಲದೆ. ಈ ಮನೆಯಲ್ಲಿ ಊಟಕ್ಕೆ ಕರೆದರೆ ಯಾರೂ ಬರುವುದಿಲ್ಲ ಎಂದು ಅವ್ವ ಸೌಟು ಬಡಿಯುತ್ತಿದ್ದಳು.

ಉಜ್ಜಿದ ಗಾಜನ್ನು ಕೂಡಲೇ ಪರೀಕ್ಷೆ ಮಾಡುವಂತಿಲ್ಲ. ಕೈಯ ಬಿಸಿ ಇಳಿಯಬೇಕು. ಆಮೇಲೆ ಅದನ್ನು ಪರದೇಶದಿಂದ ತಂದ, ಪೂರ್ತಿ ಚಪ್ಪಟೆಯಾದ ಒಂದು ಗಾಜಿನ ಮೇಲೆ ಇಟ್ಟು, ಹಳದಿ ದೀಪ ಹಚ್ಚುತ್ತಿದ್ದೆವು. ಆ ದೀಪದಲ್ಲಿ ಹಳದಿಯೊಂದನ್ನು ಬಿಟ್ಟು ಬೇರೆ ಬಣ್ಣವೇ ಇಲ್ಲ. ಅಜ್ಜಿಯ ಕೆಂಪು ಸೀರೆ ಕಪ್ಪು, ಪುಡಿ ಮೆತ್ತಿದ ನನ್ನ ಬೆರಳು ಕಪ್ಪು, ದೇವರ ಕುಂಕುಮ ಕಪ್ಪು. ಆ ಬೆಳಕಿನಲ್ಲಿ ಎರಡು ಗಾಜುಗಳ ನಡುವೆ ಕರಿ ಗೆರೆಗಳು ಏಳುತ್ತವೆ. ಗೆರೆ ಬಾಗಿದ್ದರೆ ಗಾಜು ಇನ್ನೂ ಉಬ್ಬಿದೆ ಅಥವಾ ತಗ್ಗಿದೆ ಎಂದರ್ಥ. ಹಗ್ಗದ ಮೇಲೆ ಒಣಹಾಕಿದ ಶಾವಿಗೆಯ ಹಾಗೆ ಎಲ್ಲ ಗೆರೆಗಳೂ ನೆಟ್ಟಗೆ, ಒಂದರ ಪಕ್ಕ ಒಂದು ನಿಂತರೆ ಕೆಲಸ ಮುಗಿಯಿತು. ಮೊದಮೊದಲು ಅಪ್ಪ ಹೇಳಿಕೊಡುತ್ತಿದ್ದರು. ಆಮೇಲೆ ನನ್ನನ್ನೇ ಕೇಳುತ್ತಿದ್ದರು.

“ಇಂದೂ, ಏನ್ ಕಾಣ್ತದ?”

“ನಡುವ ಉಬ್ಬೇದ ಅಪ್ಪಾ. ಬಲಗಡೆ ಅಂಚು ಇಳದದ.”

“ಎಷ್ಟು ಉಜ್ಜಬೇಕು ಹೇಳು.”

“ಭಾಳ ಬ್ಯಾಡ. ಒಂದು ಚೂರು. ನಡುವ ಅಷ್ಟ.”

ಅವರು ಹೂಂ ಎನ್ನುತ್ತಿದ್ದರು, ಹೊಗಳುತ್ತಿರಲಿಲ್ಲ. ನನಗೆ ಹೊಗಳಿಕೆ ಬೇಕಾಗಿರಲೂ ಇಲ್ಲ. ನನಗೆ ಬೇಕಾಗಿದ್ದು ಆ ಮಣೆ. ದೊಡ್ಡವಳಾದ ಮೇಲೂ ಆ ಮಣೆಯ ಮುಂದೆ ನಿಲ್ಲಬೇಕು, ಅಪ್ಪನ ಸಂಸ್ಥೆಗೆ ನಾನೂ ಹೋಗಬೇಕು, ನನ್ನ ಹೆಸರಲ್ಲಿ ಒಂದು ಯಂತ್ರ ಇರಬೇಕು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ನಮ್ಮ ಪೋಳಿನ ಹತ್ತಿರದ ಗುಜರಾತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಏಳನೆಯ ತರಗತಿ ಓದುತ್ತಿದ್ದೆ. ಮುಂದಿನ ವರ್ಷದಿಂದ ವಿಜ್ಞಾನಕ್ಕೆ ಬೇರೆ ಟೀಚರ್ ಬರುತ್ತಾರೆ, ಗಾಜಿನ ತ್ರಿಕೋನದಲ್ಲಿ ಬೆಳಕು ಒಡೆದು ತೋರಿಸುತ್ತಾರೆ ಎಂದು ಮೇಲಿನ ತರಗತಿಯ ಹುಡುಗಿಯರು ಹೇಳಿದ್ದರು. ನಾನು ಅದನ್ನೆಲ್ಲ ಮನೆಯಲ್ಲೇ ನೋಡಿದ್ದೆ. ಆದರೂ ಆ ಟೀಚರ್ ಕೇಳಿದಾಗ ಮೊದಲು ಕೈ ಎತ್ತುವವಳು ನಾನೇ ಎಂದು ಕಾಯುತ್ತಿದ್ದೆ.

ಆ ವರ್ಷ ಅಪ್ಪ ಒಂದು ದೊಡ್ಡ ಗಾಜಿಗೆ ಕೈ ಹಾಕಿದ್ದರು. ಊಟದ ತಟ್ಟೆಯಷ್ಟು ಅಗಲ, ಎತ್ತಲು ಎರಡು ಕೈ ಬೇಕು. ಅದರ ಮೇಲೆ ಅವರ ದೊಡ್ಡ ಯಂತ್ರ ನಿಂತಿತ್ತು, ಸಂಸ್ಥೆಯಲ್ಲಿ ಅವರ ಮರ್ಯಾದೆಯೂ ನಿಂತಿತ್ತು. ತಿಂಗಳುಗಟ್ಟಲೆ ಉಜ್ಜಿದೆವು. ಒಂದು ಸಂಜೆ ದೀಪ ಹಚ್ಚಿದಾಗ ಗೆರೆಗಳು ನೆಟ್ಟಗೆ ನಿಂತಿದ್ದವು. ನಾನು ಬಗ್ಗಿ, ಒಂದು ಕಣ್ಣು ಮುಚ್ಚಿ, ಈ ತುದಿಯಿಂದ ಆ ತುದಿಗೆ ನೋಡಿದೆ.

“ಮುಗೀತು ಅಪ್ಪಾ. ಎಲ್ಲಾ ನೆಟ್ಟಗಾಗ್ಯಾವ. ಇನ್ನ ಮುಟ್ಟಬ್ಯಾಡ್ರಿ.”

“ಇನ್ನೊಂದೀಟು ಅದ.”

“ಏನೂ ಇಲ್ಲ. ಮುಟ್ಟಿದ್ರ ಕೆಡತದ.”

“ನಿನಗ ತಿಳ್ಯಂಗಿಲ್ಲ, ಸುಮ್ನಿರು.”

ಮಾರನೆಯ ಬೆಳಿಗ್ಗೆ ನನ್ನ ಲಂಗಕ್ಕೆ ಕಲೆಯಾಗಿತ್ತು. ಅಜ್ಜಿ ನೋಡಿದಳು, ಕಿರುಚಿದಳು. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಚಾಪೆ ಹಾಕಿ ಕೂಡಿಸಿದರು. ತಟ್ಟೆ ಬೇರೆ, ತಂಬಿಗೆ ಬೇರೆ. ಓಣಿಯವರೆಲ್ಲ ನೀರಿಗೆ ಹೋಗುವಾಗ ಬಗ್ಗಿ ನೋಡಿ ನಗುತ್ತಿದ್ದರು. ಎದುರು ಮನೆಯ ಕಾಂತಾಬೆನ್ ಬಂದು ತಲೆ ನೇವರಿಸಲು ಕೈ ಚಾಚಿ, ಅಜ್ಜಿಯ ಮುಖ ನೋಡಿ ಹಿಂದೆ ತೆಗೆದುಕೊಂಡಳು. ಅಪ್ಪ ನನ್ನ ಮುಂದೆಯೇ ದಾಟಿಕೊಂಡು ಒದ್ದೆ ಪಂಚೆಯಲ್ಲಿ ಕೋಣೆಗೆ ಹೋದರು. ಇವತ್ತು ಯಾರು ನೀರು ಚಿಮುಕಿಸುತ್ತಾರೆ ಎಂದು ಕೇಳಬೇಕೆಂದಿದ್ದೆ. ನನ್ನ ಕಡೆ ನೋಡಿದರೆ ತಾನೆ.

ಮೂರನೆಯ ದಿನ ಮಧ್ಯಾಹ್ನ ಕೋಣೆಯೊಳಗಿಂದ ಸದ್ದು ನಿಂತಿತು. ಅಷ್ಟು ದಿನ ಆ ಉಜ್ಜುವ ಸದ್ದು ಕೇಳಿದವಳಿಗೆ ಅದು ನಿಂತದ್ದು ಕಪಾಳಕ್ಕೆ ಹೊಡೆದ ಹಾಗಿತ್ತು. ಅಪ್ಪ ಗಾಜನ್ನು ಎದೆಗಪ್ಪಿಕೊಂಡು ನಡುಮನೆಗೆ ಬಂದು ಬಿಸಿಲಿನ ಕೋಲಿಗೆ ಹಿಡಿದರು. ಮೆಟ್ಟಿಲ ಕೆಳಗಿಂದಲೇ ನನಗೆ ಕಂಡಿತು. ನಡುವಿನಿಂದ ಅಂಚಿನ ತನಕ ಬಿಳೀ ಗೀರು, ಒಂದಲ್ಲ, ಕೊಕ್ಕೆ ಕೊಕ್ಕೆಯಾಗಿ, ಉಗುರಿನಿಂದ ಪರಚಿದ ಹಾಗೆ. ತಿಂಗಳುಗಳ ಕೆಲಸ ಹೋಯಿತು. ಅಜ್ಜಿ ದೇವರ ಮುಂದಿನಿಂದ ಎದ್ದು ಬಂದಳು. ಗಾಜು ನೋಡಲಿಲ್ಲ, ನನ್ನನ್ನು ನೋಡಿದಳು.

“ಈಕಿ ತಾ ಹೊರಗಾದದ್ದು ಗೊತ್ತಿದ್ದೂ ಗಾಜು ಮುಟ್ಯಾಳ. ಒಂದು ದಿನ ಮೊದಲ ಆಗಿರಬೇಕು, ಹೇಳಿಲ್ಲ. ದೇವರ ಕ್ವಾಣಿ ಅದು, ಬಿಡ್ತದೇನು?”

“ಇಲ್ಲ ಅಜ್ಜೀ, ನಾ...”

“ಬಾಯಿ ಮುಚ್ಚು. ಕುಂತಲ್ಲೇ ಕೂಡು.”

ಅವ್ವ ಒಲೆಯ ಮುಂದಿನಿಂದ ಎದ್ದಳು. ಅಜ್ಜಿಗೆ ಎದುರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

“ಅತ್ಯಾರ, ಹುಡುಗಿ ಮೂರು ದಿನದಿಂದ ಇಲ್ಲಿ ಕೂತದ. ಗೀರು ಇವತ್ತು ಬಿದ್ದದ. ಗಾಜಿಗೇನು ಮುಟ್ಟು ತಿಳೀತದೇನ್ರಿ? ನಿಮ್ಮ ಮಗನ್ನ ಕೇಳ್ರಿ. ಓದಿದವರು ಅದಾರಲ್ಲ.”

ಅಜ್ಜಿ ಮಗನ ಕಡೆ ತಿರುಗಿದಳು. ಅವ್ವನೂ ತಿರುಗಿದಳು. ನಾನೂ ನೋಡಿದೆ. ಬೆಳಕಿನ ಬಗ್ಗೆ, ಗಾಜಿನ ಬಗ್ಗೆ ಆ ಊರಿನಲ್ಲೇ ಎಲ್ಲರಿಗಿಂತ ಹೆಚ್ಚು ತಿಳಿದ ಮನುಷ್ಯ ಗಾಜನ್ನು ಒದ್ದೆ ಬಟ್ಟೆಯಲ್ಲಿ ಸುತ್ತುತ್ತ ಹೇಳಿದರು:

“ಈಗ ಅದೆಲ್ಲಾ ಯಾಕ? ಊಟಕ್ಕ ಹಾಕು.”

ಅವ್ವ ಅಂಟು ಕುದಿಸುವ ಬೋಗುಣಿಯನ್ನು ತಂದು ಅವರ ಕಾಲ ಬಳಿ ಕುಕ್ಕಿದಳು. ಅವತ್ತು ಊಟಕ್ಕೆ ಹಾಕಲಿಲ್ಲ. ಅಪ್ಪ ಹಸಿದುಕೊಂಡೇ ಸಂಸ್ಥೆಗೆ ಹೋದರು. ಆ ಮನೆಯಲ್ಲಿ ಅವ್ವ ಗೆದ್ದದ್ದು ಅಷ್ಟೇ.

ನನಗೆ ನೀರು ಹಾಕಿ ಒಳಗೆ ಕರೆದುಕೊಂಡ ಮೇಲೂ ಆ ಕೋಣೆಯ ಬಾಗಿಲು ನನಗೆ ಮುಚ್ಚಿತ್ತು. ಅಜ್ಜಿ ನಿದ್ದೆ ಮಾಡುವ ಹೊತ್ತು ನೋಡಿ ಹೊಸ್ತಿಲಲ್ಲಿ ನಿಂತೆ. ಅಪ್ಪ ಅಂಟಿನ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸೂಜಿಯಿಂದ ಏನೋ ಕೀಳುತ್ತಿದ್ದರು. ಕಿತ್ತದ್ದನ್ನು ಅಂಗೈಗೆ ಹಾಕಿಕೊಂಡು ಭೂತಗನ್ನಡಿ ಹಿಡಿದರು. ಒಂದು ಬಿಳೀ ಹರಳು, ಸಕ್ಕರೆಯ ಕಾಳಿಗಿಂತ ಸಣ್ಣದು, ಮಿನುಗುತ್ತಿತ್ತು. ಹೊಸ್ತಿಲ ಮೇಲಿದ್ದ ನನ್ನ ಕಾಲ ಕೆಳಗೂ ಏನೋ ಚುಚ್ಚುತ್ತಿತ್ತು. ಬಗ್ಗಿ ಒರೆಸಿಕೊಂಡೆ. ಅದೇ ಹರಳು, ಬೇಕಾದಷ್ಟು. ದೇವರ ಮುಂದೆ ನೋಡಿದೆ. ಬೆಳಗಿನ ರಂಗೋಲಿ ಹೊಳೆಯುತ್ತಿತ್ತು. ನಮ್ಮ ಊರಿನ ರಂಗೋಲಿ ಹೊಳೆಯುವುದಿಲ್ಲ. ಊರಿಂದ ತಂದ ಪುಡಿ ಖಾಲಿಯಾಗಿ, ನಾನು ಮೆಟ್ಟಿಲ ಕೆಳಗೆ ಕೂತಿದ್ದ ದಿನಗಳಲ್ಲಿ ಅಜ್ಜಿ ಕಾಂತಾಬೆನ್ ಕೈಯಲ್ಲಿ ಇಲ್ಲಿಯ ಪೇಟೆಯ ಪುಡಿ ತರಿಸಿದ್ದಳು. ಇಲ್ಲಿಯದು ಬೆಣಚುಕಲ್ಲು ಕುಟ್ಟಿದ್ದು, ಮರಳಿನ ಹಾಗೆ. ಅಜ್ಜಿಯ ಒದ್ದೆ ಸೀರೆಯ ಅಂಚಿಗೆ, ಅಪ್ಪನ ಒದ್ದೆ ಕಾಲಿಗೆ ಅಂಟಿಕೊಂಡು ಅದು ಪೂರ್ವದಿಂದ ಪಶ್ಚಿಮಕ್ಕೆ ನಡೆದು ಬಂದಿತ್ತು. ಮಡಿಯಲ್ಲಿದ್ದವರೇ ಹೊತ್ತು ತಂದಿದ್ದರು.

“ಅಪ್ಪಾ, ಇದು ರಂಗೋಲಿ.”

ಅವರು ಮುಷ್ಟಿ ಮುಚ್ಚಿದರು.

“ಅಜ್ಜಿ ಹೊಸಾ ಪುಡಿ...”

“ಗೊತ್ತದ. ಸುಮ್ನಿರು.”

“ಹಂಗಾದ್ರ ಹೇಳ್ರಿ. ನಾ ಅಲ್ಲ ಅಂತ ಹೇಳ್ರಿ ಅಜ್ಜಿಗೆ.”

“ಇಂದೂ, ಹೋಗು.”

ಸಂಜೆ ಅವರೇ ಅಜ್ಜಿಗೆ ಮೆಲ್ಲಗೆ ಹೇಳುವುದು ಕೇಳಿಸಿತು. ಅವ್ವಾ, ಇನ್ನ ಮ್ಯಾಲೆ ರಂಗೋಲಿ ಒಂದು ಗೆರಿ ಎಳದ್ರ ಸಾಕು, ಅಕ್ಕಿಹಿಟ್ಟಿನ್ಯಾಗ ಎಳಿ, ದೇವರಿಗೆ ಅದ ಹೆಚ್ಚು ಶ್ರೇಷ್ಠ. ಅಜ್ಜಿಗೆ ಖುಷಿಯಾಯಿತು, ಮಗನಿಗೆ ದೇವರ ವಿಷಯ ನೆನಪಾಯಿತಲ್ಲ ಎಂದು. ಹೀಗೆ ಕೋಣೆ ಉಳಿಯಿತು, ತಾಯಿಯ ಮಡಿ ಉಳಿಯಿತು, ಅವರ ಗಾಜಿಗೆ ಮತ್ತೆ ಗೀರು ಬೀಳದ ಹಾಗೂ ಆಯಿತು. ತಪ್ಪು ಯಾರದಾದರೂ ಆಗಬೇಕಿತ್ತಲ್ಲ, ಅದು ಅದಾಗಲೇ ನನ್ನ ಮೇಲಿತ್ತು. ಅದನ್ನು ತೆಗೆಯುವ ಗೋಜಿಗೆ ಅವರು ಹೋಗಲಿಲ್ಲ. ಇಷ್ಟು ಸಿಟ್ಟಿದ್ದೂ ಅಪ್ಪನನ್ನು ‘ಅವರು’ ಎಂದೇ ಬರೆಯುತ್ತಿದ್ದೇನೆ. ಕೈಗೆ ರೂಢಿಯಾದದ್ದು, ಅವರ ಯೋಗ್ಯತೆಗೆ ಅಲ್ಲ.

ಅಜ್ಜಿ ಅಲ್ಲಿಗೇ ಬಿಡಲಿಲ್ಲ. ದೊಡ್ಡವಳಾದಳು, ಸುಳ್ಳೂ ಕಲಿತಳು, ಶಾಲೆಯಲ್ಲಿ ಯಾರ್‍ಯಾರನ್ನೋ ಮುಟ್ಟಿಕೊಂಡು ಬರುತ್ತಾಳೆ, ಏಳನೆಯದು ಮುಗಿಯಿತಲ್ಲ ಸಾಕು ಎಂದಳು. ಮತ್ತೆ ಊಟ ಬಿಟ್ಟಳು. ಕಾಂತಾಬೆನ್ ಓಣಿಯಲ್ಲೇ ಅಪ್ಪನನ್ನು ತಡೆದು ನಿಲ್ಲಿಸಿದಳು. ಅವಳ ಇಬ್ಬರು ಹೆಣ್ಣುಮಕ್ಕಳು ನನ್ನ ಜೊತೆಗೇ ಶಾಲೆಗೆ ಹೋಗುತ್ತಿದ್ದರು.

“ಛೋಕರೀನೇ ಭಣವಾ ದೋ, ಭಾಯಿ,” ಎಂದಳು. ಹುಡುಗಿಯನ್ನು ಓದಲು ಬಿಡಿ ಎಂದು ಎರಡು ಸಲ ಹೇಳಿದಳು. ನಿಮ್ಮಂಥ ಓದಿದವರೇ ಹೀಗೆ ಮಾಡಿದರೆ ನಮ್ಮ ಗಂಡಸರಿಗೆ ನಾವು ಏನು ಹೇಳಿ ಜಗಳಾಡಬೇಕು ಎಂದಳು.

ಅಪ್ಪ ನಕ್ಕು, ಒಂದು ವರ್ಷ ಮನೆಯಲ್ಲಿರಲಿ, ಆಮೇಲೆ ನೋಡೋಣ ಎಂದರು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ಗುಜರಾತಿಯ ಪುಸ್ತಕಗಳನ್ನು ಕಾಂತಾಬೆನ್ ಮಕ್ಕಳಿಗೆ ಕೊಟ್ಟೆವು. ಹಗಲು ಅವ್ವ ಸ್ಲೇಟು ತೆಗೆದುಕೊಂಡು ನನ್ನನ್ನು ಎದುರಿಗೆ ಕೂಡಿಸಿ, ಹಟ ಹಿಡಿದು ಕನ್ನಡ ಬರೆಯಲು ಕಲಿಸಿದಳು. ಕಾಗುಣಿತದ ಬಳ್ಳಿ ತಪ್ಪಿದರೆ ಬೆರಳ ಗಂಟಿಗೆ ಹೊಡೆಯುತ್ತಿದ್ದಳು. ಅವಳ ಸಿಟ್ಟು ನನ್ನ ಮೇಲೆ ಅಲ್ಲ ಎಂದು ನನಗೆ ಗೊತ್ತಿತ್ತು, ಹೊಡೆತ ಮಾತ್ರ ನನಗೇ ಬೀಳುತ್ತಿತ್ತು. ಈಗ ಈ ಪುಟ ತುಂಬುತ್ತಿರುವುದು ಆ ಕನ್ನಡದಿಂದ. ಅಪ್ಪ ಕೊಟ್ಟ ವಿದ್ಯೆ ಯಾವುದೂ ನನ್ನ ಕೈಯಲ್ಲಿ ಉಳಿಯಲಿಲ್ಲ.

ಆ ಕೋಣೆಯಲ್ಲಿ ಅಪ್ಪ ಇನ್ನೊಂದು ಗಾಜು ಉಜ್ಜಿದರು, ಯಂತ್ರ ನಿಂತಿತು, ಹೆಸರು ಬಂತು. ಸಂಸ್ಥೆಯವರು ತಂಪು ಯಂತ್ರ ಹಾಕಿದ ನಿಜವಾದ ಕೋಣೆ ಕಟ್ಟಿಸಿಕೊಟ್ಟರು. ಅವರ ಕೈಕೆಳಗೆ ಎಷ್ಟೋ ಹುಡುಗರು, ಆಮೇಲೆ ಹುಡುಗಿಯರೂ ಕಲಿತರು. ಹೌದು, ಹುಡುಗಿಯರೂ. ಅವರಿಗೆ ಅಪ್ಪ ಬಹಳ ಉತ್ತೇಜನ ಕೊಡುತ್ತಿದ್ದರಂತೆ, ಹೆಣ್ಣುಮಕ್ಕಳ ಕೈ ಸೂಕ್ಷ್ಮ ಎನ್ನುತ್ತಿದ್ದರಂತೆ. ನನ್ನನ್ನು ವಡೋದರದ ಮಕರಪುರದಲ್ಲಿ ಮೋಟಾರು ಮಾಡುವ ಫ್ಯಾಕ್ಟರಿಯ ಫಿಟ್ಟರ್ ಒಬ್ಬರಿಗೆ ಕೊಟ್ಟರು. ಒಳ್ಳೆಯ ಮನುಷ್ಯ, ಅವರ ಕಥೆ ಇಲ್ಲಿ ಬೇಡ. ಅಜ್ಜಿ ಹೋದಳು, ಅವ್ವ ಹೋದಳು. ವಯಸ್ಸಾದ ಮೇಲೆ ಅಪ್ಪ ನನ್ನ ಮನೆಗೇ ಬಂದರು. ಅನ್ನ ಹಾಕಿದೆ, ಔಷಧಿ ಕೊಟ್ಟೆ, ಕಣ್ಣಿನ ಪೊರೆ ತೆಗೆಸಿದಾಗ ಕೈ ಹಿಡಿದು ನಡೆಸಿದೆ. ಆ ಗೀರಿನ ಮಾತು ಇಬ್ಬರೂ ಎತ್ತಲಿಲ್ಲ. ಅವರು ಮರೆತಿದ್ದಾರೆ ಎಂದುಕೊಂಡಿದ್ದೆ.

ಮರೆತಿರಲಿಲ್ಲ. ಅದನ್ನು ಅವರು ನಗೆಯ ಕಥೆ ಮಾಡಿಕೊಂಡಿದ್ದರು. ನನಗೆ ಗೊತ್ತಾದದ್ದು ಅಹಮದಾಬಾದಿನಲ್ಲಿ ಅವರ ಶಿಷ್ಯರು ಸನ್ಮಾನ ಇಟ್ಟುಕೊಂಡಾಗ. ಅವರನ್ನು ಕರೆದುಕೊಂಡು ಹೋದವಳು ನಾನು, ಮುಂದಿನ ಸಾಲಿನಲ್ಲಿ ಕೂತಿದ್ದೆ. ಶಾಲು ಹೊದ್ದ ಅಪ್ಪ ಮೈಕಿನ ಮುಂದೆ ಗುಜರಾತಿಯಲ್ಲಿ ಸಲೀಸಾಗಿ ಮಾತಾಡಿದರು. ನಮ್ಮ ಮನೆಯಲ್ಲಿ ಒಂದೇ ಕೋಣೆಗೆ ಇಬ್ಬರು ನಿರ್ದೇಶಕರು, ನಾನು ಮತ್ತು ನನ್ನ ತಾಯಿ ಎಂದರು. ಜನ ನಕ್ಕರು. ಒಮ್ಮೆ ನನ್ನ ದೊಡ್ಡ ಗಾಜಿಗೆ ಗೀರು ಬಿತ್ತು. ನಾನು ಅಂಟು ನೋಡಿದೆ, ಪುಡಿ ನೋಡಿದೆ. ತಾಯಿ ಏನೂ ನೋಡದೆ ಕಾರಣ ಹೇಳಿದಳು: ಮೊಮ್ಮಗಳು ದೊಡ್ಡವಳಾದಳು, ಅದಕ್ಕೆ! ಯಾವ ದೇಶದ ಪಠ್ಯಪುಸ್ತಕದಲ್ಲೂ ಈ ಕಾರಣ ಇಲ್ಲ, ಬರೆದುಕೊಳ್ಳಿ ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಪಕ್ಕದಲ್ಲಿದ್ದ ಹೆಂಗಸು, ಅವರ ಶಿಷ್ಯೆಯೇ ಇರಬೇಕು, ಈ ಕಥೆ ಅವರು ಪ್ರತಿ ಸಲ ಹೇಳುತ್ತಾರೆ, ಪ್ರತಿ ಸಲ ನಗು ಬರುತ್ತದೆ ಎಂದು ನನಗೇ ಹೇಳಿದಳು.

ನಾನು ಎದ್ದು ನಿಂತೆ.

“ಖೋಟೀ ವಾತ್ ಛೇ,” ಎಂದೆ. ಸುಳ್ಳು ಎಂದೆ. ಆ ಹುಡುಗಿ ನಾನೇ, ಗೀರು ಬಿದ್ದಾಗ ನಾನು ಮೆಟ್ಟಿಲ ಕೆಳಗೆ ಕೂತಿದ್ದೆ, ಅದು ರಂಗೋಲಿಯ ಕಲ್ಲು, ಇವರಿಗೆ ಅವತ್ತೇ ಗೊತ್ತಿತ್ತು ಎಂದು ಅವರ ಗುಜರಾತಿಗಿಂತ ಚೆನ್ನಾದ ಪೋಳಿನ ಗುಜರಾತಿಯಲ್ಲಿ ಕೂಗಿ ಹೇಳಿದೆ. ಯಾರೋ ನಕ್ಕರು, ಇದೂ ಕಥೆಯ ಭಾಗ ಎಂದುಕೊಂಡು. ಅಪ್ಪ ಮೈಕಿನಲ್ಲೇ, ನೋಡಿ, ಇನ್ನೂ ಸಿಟ್ಟು ಇಳಿದಿಲ್ಲ ಎಂದರು. ಮತ್ತೆ ಚಪ್ಪಾಳೆ.

ಆಟೋದಲ್ಲಿ ರೈಲು ನಿಲ್ದಾಣಕ್ಕೆ ಹೊರಟಾಗ ಅವರ ಮುಖ ಗಂಟಿಕ್ಕಿತ್ತು. ಹೂವಿನ ಹಾರವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

“ಎಲ್ಲಾರ ಮುಂದ ಹಂಗ ಮಾತಾಡಬಾರದಿತ್ತು.”

“ನೀವು ಎಲ್ಲಾರ ಮುಂದ ನನ್ನ ಮುಟ್ಟಿನ ಸುದ್ದಿ ಹೇಳಬಹುದಿತ್ತು?”

ಸ್ವಲ್ಪ ದೂರ ಹೋದ ಮೇಲೆ ಕೇಳಿದೆ. ಗೀರಿನ ಬಗ್ಗೆ ಅಲ್ಲ, ಅದಕ್ಕೆ ಹಿಂದಿನ ಸಂಜೆಯ ಬಗ್ಗೆ. ಆ ಪ್ರಶ್ನೆಯನ್ನು ನಾನು ಹೆಣ್ಣಾಗಿ, ಹೆಂಡತಿಯಾಗಿ, ತಾಯಿಯಾಗಿ, ಅಜ್ಜಿಯಾಗಿ ಹೊತ್ತುಕೊಂಡೇ ಓಡಾಡಿದ್ದೆ.

“ಅಪ್ಪಾ, ಆ ಗಾಜು ಮುಗದಿತ್ತೋ ಇಲ್ಲೋ? ಗೆರಿ ನೆಟ್ಟಗಾಗ್ಯಾವ, ಇನ್ನ ಮುಟ್ಟಬ್ಯಾಡ್ರಿ ಅಂತ ನಾ ಹೇಳಿದ್ದೆ.”

ಅವರು ಹಾರದಿಂದ ಒಂದು ಎಸಳು ಕಿತ್ತರು.

“ಮುಗದಿತ್ತು,” ಎಂದರು. “ನೀ ಹೇಳಿದ್ದ ಖರೆ ಇತ್ತು. ನಿನ್ನ ಕಣ್ಣು ನನ್ನ ಕಣ್ಣಿಗಿಂತ ಛಲೋ ಇದ್ವು. ಆಮ್ಯಾಲೆ ಅಂಥಾ ಕಣ್ಣು ನನಗ ಯಾರದೂ ಸಿಗಲಿಲ್ಲ.”

ಬೇರೆ ಮಗಳಾಗಿದ್ದರೆ ಆ ಮಾತಿಗೆ ಅತ್ತು ಅವರ ಕೈ ಹಿಡಿಯುತ್ತಿದ್ದಳೇನೋ. ನನ್ನ ಮೈಯೆಲ್ಲ ಉರಿಯಿತು. ಅಷ್ಟು ವರ್ಷ ನಾನು ಒಂದು ಸಮಾಧಾನ ಹೇಳಿಕೊಂಡು ಬದುಕಿದ್ದೆ. ಅಪ್ಪನಿಗೆ ನನ್ನಲ್ಲಿ ಏನೂ ಕಾಣಿಸಲಿಲ್ಲ, ಕಾಣಿಸಿದ್ದರೆ ಬಿಡುತ್ತಿರಲಿಲ್ಲ ಎಂದು. ಅವರಿಗೆ ಎಲ್ಲ ಕಾಣಿಸಿತ್ತು. ನೋಡಿ, ಅಳೆದು, ಗೊತ್ತುಮಾಡಿಕೊಂಡು ಬಿಟ್ಟಿದ್ದರು.

“ಹಂಗಾದ್ರ ನನ್ನ ಸಾಲಿ ಯಾಕ ಬಿಡಿಸಿದ್ರಿ?”

“ಆವಾಗ... ನಿಮ್ಮಜ್ಜಿ...”

“ಅಜ್ಜಿ ಹೆಸರು ತಗೀಬ್ಯಾಡ್ರಿ,” ಎಂದೆ. “ಆಕಿಗೆ ಓದ್ಲಿಕ್ಕೆ ಬರ್ತಿದ್ದಿಲ್ಲ. ನಿಮಗ ಬರ್ತಿತ್ತು.”